ಮೂರಾಳು ಹಗ್ಗ

ಅಣ್ಣಾ,

ಇಂದು ಉಪವಾಸ. ಅಂಗಳ ಗುಡಿಸಿ, ದೀಪ ಹಚ್ಚಿ, ನಮ್ಮ ಮನೆಯ ವಿಹಾರದೋಣಿಯಲ್ಲಿ ಸರೋವರಕ್ಕೆ ಹೋದೆ.

"ಮೂರಾಳು ಆಳದ ನೀರಿಗೆ ಮೂರಾಳುದ್ದ ಹಗ್ಗ ಸಾಕು ಕಣೇ" ಎಂದು ಅಂದು ಲಂಗರು ಇಳಿಸಿದವನು ನೀನು. ದೋಣಿ ತೇಲಿಹೋಗಿ ಬಂಡೆಗೆ ಬಡಿದಾಗ, "ಇವಳು ಹಾಕಿದ ಗಂಟು ಬಿಚ್ಚಿಹೋಯ್ತು" ಎಂದು ನೆಂಟರೆದುರು ನನ್ನ ಮಾನ ಕಳೆದವನೂ ನೀನೇ. ಗಂಟು ಬಿಚ್ಚಿದ್ದರೆ ಲಂಗರು ದೋಣಿಯ ಹಿಂದೆಯೇ ಹೇಗೆ ಬಂತು? ಕುಣಿಯಲಾರದವನಿಗೆ ನೆಲ ಡೊಂಕು.

ಇಂದು ಅದೇ ಜಾಗದಲ್ಲಿ, ಅದೇ ಲಂಗರಿಗೆ ಅದೇ ಗಂಟು ಹಾಕಿ, ಹದಿನೈದಾಳುದ್ದ ಹಗ್ಗ ಬಿಟ್ಟೆ. ಲಂಗರು ಅಡ್ಡ ಮಲಗಿ ಕೆಸರನ್ನು ಕಚ್ಚಿತು. ಗಾಳಿ ಎಷ್ಟು ಎಳೆದರೂ ದೋಣಿ ಜಗ್ಗಲಿಲ್ಲ.

ಹತ್ತು ವರ್ಷ ಮುಖ ತೋರಿಸದವನು, "ತಪ್ಪೊಪ್ಪಿಕೋ, ಬರ್ತೀನಿ" ಎಂದು ಬರೆದಿದ್ದೀಯ. ಒಪ್ಪುವುದಿಲ್ಲ. ಈ ಉತ್ತರವನ್ನು ಅಂಚೆಗೂ ಹಾಕುವುದಿಲ್ಲ. ದೇವರ ಪಟದ ಹಿಂದೆ ಇಡುತ್ತೇನೆ. ಯಾರನ್ನಾದರೂ ಕಳಿಸಿ ತರಿಸಿಕೋ. ಯಾರೂ ಸಿಗದಿದ್ದರೆ ನೀನೇ ಬಾ.