ನೀವು ಕೂಡಿಸಿದ ಟರ್ಬೊ

ರೀ,

ಹೀಗೆ ಕರೆದರೆ ಶೆಡ್ಡಿನ ಕಡೆಯಿಂದ "ಬಂದೆ ತಡಿ" ಅನ್ನುತ್ತೀರೇನೋ ಎಂದು ಈಗಲೂ ಅನಿಸುತ್ತದೆ. ಒಂದೇ ಕೂಗಿಗೆ ಎಂದಾದರೂ ಬಂದದ್ದುಂಟೇ ನೀವು? ಸಾರು ಆರಿ ತಣ್ಣಗಾದ ಮೇಲೆ, ಮೊಣಕೈತನಕ ಗ್ರೀಸು ಮೆತ್ತಿಕೊಂಡು... ಇರಲಿ. ಇವತ್ತು ಜಗಳಕ್ಕೆ ಕರೆದಿಲ್ಲ. ನಿಮಗೊಂದು ಸುದ್ದಿ ಹೇಳಬೇಕು.

ಕೊಟ್ಟೂರಿನ ಗುರುಬಸಪ್ಪಣ್ಣ ತನ್ನ ಹಳೆಯ ಎರಡು ಸೀಟಿನ ರೇಸ್ ಕಾರನ್ನು ನಮ್ಮ ಕೂಡ್ಲಿಗಿಯ ಶೆಡ್ಡಿಗೆ ತಂದ ದಿನ ನೆನಪಿದೆಯೇ? ಅಲ್ಲಿಯವರೆಗೆ ನೀವು ಬಿಚ್ಚಿ ಕೂಡಿಸಿದ್ದೆಲ್ಲ ಬಾವಿಯ ಪಂಪ್‌ಸೆಟ್ಟುಗಳೇ. ಕಾರು ನೋಡಲು ಚೆಂದ, ಏರು ಬಂದರೆ ಮಾತ್ರ ಏದುಸಿರು. "ಎಂಜಿನ್ನಿಗೆ ವಯಸ್ಸಾಗೈತಿ ದೋಸ್ತ, ಏನಾರ ಮಾಡು" ಎಂದ ನಿಮ್ಮ ಗೆಳೆಯ. ನೀವು ಗಣಿಯ ಕಡೆಯ ಗುಜರಿಗೆ ಹೋಗಿ, ಬಸವನಹುಳುವಿನಂತೆ ಸುರುಳಿಯಾದ ಒಂದು ಕಬ್ಬಿಣದ ವಸ್ತು ಹೊತ್ತು ತಂದಿರಿ. ಅದೇ ಟರ್ಬೊ. ನಾನು ಒಲೆಯ ಮುಂದಿದ್ದೆ. "ಇದು ನಿನ್ನ ಊದುಗೊಳವಿ ಇದ್ದಂಗ. ಎಂಜಿನ್ ಬಿಟ್ಟ ಹೊಗಿನೇ ಇದರ ಚಕ್ರ ತಿರುಗಿಸ್ತೈತಿ, ಆ ಚಕ್ರ ಎಂಜಿನ್ನಿಗೆ ಇನ್ನಷ್ಟು ಗಾಳಿ ಊದ್ತೈತಿ" ಎಂದು ವಿವರಿಸಿದಿರಿ. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ನಿಮ್ಮ ಕೆಲಸ ನನಗೆ ಅರ್ಥವಾದದ್ದು ಅವತ್ತೇ.

ನನ್ನ ಹಂಡೆಯ ತಾಮ್ರದ ಮುಚ್ಚಳ ಮಾಯವಾದ ಬೆಳಿಗ್ಗೆಯನ್ನಂತೂ ಹೇಗೆ ಮರೆಯಲಿ? ಗಾಳಿ ಹೆಚ್ಚಾದರೆ ಹಳೆಯ ಎಂಜಿನ್ ತಾಳದು, ಅದರ ತಲೆಯ ಕೆಳಗೆ ಸಂದು ಮುಚ್ಚುವ ದಪ್ಪ ತಗಡಿನ ಗ್ಯಾಸ್ಕೆಟ್ ಬೇಕು ಎಂದು ಮುಚ್ಚಳವನ್ನೇ ಕತ್ತರಿಸಿದ್ದಿರಿ. "ನೀರಾಗ ಕಸ ಬೀಳ್ತೈತಲ್ರಿ!" ಎಂದು ರೇಗಿದರೆ, "ತಾಟು ಮುಚ್ಚು" ಎಂದಿರಿ, ತಲೆ ಸಹ ಎತ್ತದೆ. ಬೈಯುತ್ತಲೇ ಪಕ್ಕದಲ್ಲಿ ಕೂತು ತಗಡಿನ ತುದಿ ಹಿಡಿದುಕೊಂಡೆ. ಅರದ ಸದ್ದಿನ ನಡುವೆ ನೀವು ಏನೋ ಗುನುಗುತ್ತಿದ್ದಿರಿ. ಅಷ್ಟು ಖುಷಿಯಲ್ಲಿ ನಿಮ್ಮನ್ನು ನಾನು ಮತ್ತೆ ನೋಡಲಿಲ್ಲ.

ಕಾರು ಚಾಲೂ ಮಾಡಿದ ಆ ಮಧ್ಯಾಹ್ನ ನಾವು ಮೂವರೂ ಉಸಿರು ಬಿಗಿಹಿಡಿದಿದ್ದೆವು. ಯಾವ ಎಂಜಿನ್ನೇ ಆಗಲಿ, ನಿಂತಲ್ಲೇ ಓಡಿಸಿ ನಿಮ್ಮ ಮನಸ್ಸಿಗೆ ಒಪ್ಪುವವರೆಗೆ ಶೆಡ್ಡಿನ ಬಾಗಿಲು ದಾಟಿಸುತ್ತಿರಲಿಲ್ಲ ನೀವು. ಪಂಪ್‌ಸೆಟ್ಟಿನ ಆ ಪದ್ಧತಿಯನ್ನೇ ಕಾರಿಗೂ ಹಿಡಿದಿರಿ. ಎಂಜಿನ್ ಕೂಗಿತು. ಗಾಳಿಯ ಒತ್ತಡ ತೋರಿಸಬೇಕಿದ್ದ ಮೀಟರಿನ ಮುಳ್ಳು ಮಾತ್ರ ಮೇಲೇಳಲಿಲ್ಲ. ಬಿಚ್ಚಿದಿರಿ, ಮತ್ತೆ ಕೂಡಿಸಿದಿರಿ, ಆಗಲೂ ಅಷ್ಟೇ. "ಒಮ್ಮಿ ರೋಡಿಗೆ ಒಯ್ದು ನೋಡೂಣ" ಎಂದ ಗುರುಬಸಪ್ಪಣ್ಣನಿಗೆ, "ಇಲ್ಲಿ ಊದಲಾರದ್ದು ಅಲ್ಲೇನು ಊದ್ತೈತಿ? ನನ್ನ ಕೈ ಸೋತ್ವು ಬಿಡು" ಎಂದಿರಿ.

ಆಮೇಲೆ ಇಟ್ಟಿಗಿ ಊರಿನಿಂದ ಪಂಪ್ ಹೇರಿಕೊಂಡು ಬಂದವರನ್ನು ಬಾಗಿಲಿನಿಂದಲೇ ತಿರುಗಿಸಿ ಕಳಿಸಿದ್ದು ನೆನಪಾದರೆ ಇವತ್ತಿಗೂ ಸಂಕಟವಾಗುತ್ತದೆ. ಕಟ್ಟೆಯ ಮೇಲೆ ಕೂತು ನಿಮ್ಮ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದಿರಿ. "ಏನೂ ಆಗಿಲ್ರಿ ಅವಕ್ಕ" ಎಂದು ಎಷ್ಟು ಹೇಳಿದೆ! ನನ್ನ ಸಮಾಧಾನಕ್ಕೆ ನಕ್ಕಿರಿ, ನಂಬಲಿಲ್ಲ. ಎದೆನೋವು ಬಂದಾಗಲೂ ಅದೇ ಕೊರಗು ಹೊತ್ತುಕೊಂಡು ಹೊರಟುಹೋದಿರಿ. ನೀವು ಹೋದದ್ದಕ್ಕಿಂತ, ಹಾಗೆ ಹೋದದ್ದು ನನಗೆ...

ಮೊನ್ನೆ ಗುರುಬಸಪ್ಪಣ್ಣ, ಅಂದಿನಿಂದ ಶೆಡ್ಡಿನಲ್ಲೇ ನಿಂತಿದ್ದ ಕಾರು ಒಯ್ಯಲು ಬಂದಿದ್ದ. "ಟರ್ಬೊ ಬಿಚ್ಚಿಸಿಬಿಡ್ತೀನಿ ಅಕ್ಕಾರ" ಎಂದ. ನನಗೆ ಎಲ್ಲಿತ್ತೋ ಸಿಟ್ಟು. "ಅವರು ಕೂಡಿಸಿದ್ದನ್ನ ನನ್ನ ಕಣ್ಣೆದುರಿಗೆ ಬಿಚ್ಚಬ್ಯಾಡ್ರಿ. ನಿಮ್ಮೂರಿಗೆ ಒಯ್ದು ಏನಾರ ಮಾಡ್ಕೊಳ್ರಿ" ಎಂದೆ. ಕೊಟ್ಟೂರಿನ ತಂಗಿಯನ್ನು ನೋಡಿ ಬರೋಣವೆಂದು, ಅವಳಿಗೊಂದು ಜೋಳದ ಚೀಲ ಹೇರಿಸಿ ನಾನೂ ಹತ್ತಿ ಕೂತೆ.

ಊರು ದಾಟಿ ಏರು ಬಂತು. ಕಾರು ಮೊದಲಿನಂತೆಯೇ ಏದುಸಿರು ಬಿಟ್ಟಿತು. ಗುರುಬಸಪ್ಪಣ್ಣ ಕಾಲು ಒತ್ತಿ ಹಿಡಿದ. ಆಗ ಮುಂದಿನಿಂದ ಸಣ್ಣಗೆ ಒಂದು ಸಿಳ್ಳೆ ಕೇಳಿಸಿತು. ಸಿಳ್ಳೆ ಏರುತ್ತ ಹೋದಂತೆ ಯಾರೋ ಬೆನ್ನಿಗೆ ಕೈಕೊಟ್ಟು ನೂಕಿದ ಹಾಗಾಯಿತು. "ಅಕ್ಕಾರ, ಮುಳ್ಳು! ಮುಳ್ಳು ನೋಡ್ರಿ!" ಮುಳ್ಳು ಏರುತ್ತಿತ್ತು ರೀ! ಅಂಥ ಏರನ್ನು ಕಾರು ನಗುನಗುತ್ತ ಹತ್ತಿಬಿಟ್ಟಿತು.

ಮೇಲೆ ನಿಲ್ಲಿಸಿ ಗುರುಬಸಪ್ಪಣ್ಣ ಸ್ಟೀರಿಂಗಿನ ಮೇಲೆ ತಲೆಯಿಟ್ಟ. "ಇದಕ್ಕ ಭಾರ ಬೇಕಿತ್ತು ಅಕ್ಕಾರ. ಭಾರ ಎಳೀದ ನಿಂತಲ್ಲೇ ಓಡೋ ಎಂಜಿನ್ನಿನ ಹೊಗಿಗೆ ಆ ಚಕ್ರ ತಿರುಗಿಸೋವಷ್ಟು ಬಲ ಎಲ್ಲೀದು? ಅವನ ಕೆಲಸದಾಗ ಒಂದು ನಟ್ಟೂ ತಪ್ಪಿದ್ದಿಲ್ಲ." ನಾನು ಅವನೆದುರಿಗೇ ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ, "ಇನ್ನೊಮ್ಮಿ ಹತ್ತಿಸ್ರಿ ಅಣ್ಣಾರ" ಎಂದೆ.

ಇಳಿದು, ತಿರುಗಿ, ಮತ್ತೆ ಹತ್ತಿದೆವು. ಮದುವೆಯಲ್ಲಿ ಒಡಪಿನ ಪದ್ಯದಲ್ಲಿ ಕಟ್ಟಿ ಹೇಳಿದ್ದು ಬಿಟ್ಟರೆ ನಿಮ್ಮ ಹೆಸರನ್ನು ನಾನು ಬಾಯಿಗೆ ತಂದವಳಲ್ಲ. ಆದರೆ ಅವತ್ತು, ಸೆರಗು ಗಾಳಿಗೆ ಹಾರುತ್ತಿರಲು, ಹೊಲದಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಕೂಗಿದೆ:

"ಗೆದ್ದಿ ಕೊಟ್ರೇಶಾ! ಗೆದ್ದಿ!"