ಶನಿವಾರದ ಸೂಜಿ

ಮಸ್ಕಿ,
ಭಾನುವಾರ, ೧೯ ಏಪ್ರಿಲ್ ೨೦೨೬

ಪ್ರೀತಿಯ ಮಗಳು ಅಂಜಲಿಗೆ ಅಪ್ಪನ ತುಂಬುಮನಸ್ಸಿನ ಆಶೀರ್ವಾದ.

ಹಿಮ್ಮಡಿ ಹೇಗಿದೆ ತಾಯಿ? ಬೂಟು ಕಚ್ಚಿ ಎದ್ದ ಬೊಬ್ಬೆಯನ್ನು ಒಡೆದುಕೊಳ್ಳಬೇಡ, ಕೊಬ್ಬರಿ ಎಣ್ಣೆ ಹಚ್ಚಿ ಹತ್ತಿ ಇಟ್ಟುಕೋ. ಅಲ್ಲಿ ನಾಲ್ಕೂವರೆಗೆ ಎಬ್ಬಿಸುತ್ತಾರಂತೆ. ಇಲ್ಲಿ ಏಳೂವರೆಗೆ ನಿನ್ನ ಹೊದಿಕೆ ಎಳೆಯಲು ಇಬ್ಬರು ಬೇಕಾಗುತ್ತಿದ್ದರು, ಪೊಲೀಸ್ ಇಲಾಖೆಗೆ ನನ್ನ ದೊಡ್ಡ ನಮಸ್ಕಾರ. ನಾನೂ ನಿನ್ನ ಅವ್ವನೂ ಬಿಸಿಲಿಗೆ ಬೇಯುತ್ತಾ ಇದ್ದೇವೆ, ಬೇರೆ ತೊಂದರೆ ಇಲ್ಲ. ಟ್ರೇನಿಂಗ್ ಶಾಲೆಯವರು ಭಾನುವಾರ ಕೊಡುವ ಹತ್ತು ನಿಮಿಷದ ಫೋನು ಅವಳೊಬ್ಬಳಿಗೇ ಸಾಲುವುದಿಲ್ಲ. ರೊಟ್ಟಿ ಕೊಡುತ್ತಾರೋ ಇಲ್ಲವೋ, ಕೂದಲು ಎಷ್ಟು ಕತ್ತರಿಸಿದರು, ಅಷ್ಟರಲ್ಲೇ ಮುಗಿಯುತ್ತದೆ. ಹೋದ ವಾರ ಕೊನೆಯ ಅರ್ಧ ನಿಮಿಷದಲ್ಲಿ ನೀನು ನನಗೆ ಎರಡು ಪ್ರಶ್ನೆ ಕೇಳಿದೆ. "ಅಪ್ಪಾ, ಹೊಟ್ಟಿ ಹೆಂಗೈತಿ? ಗಾಳೆಪ್ಪ ಕಾಕಾ ಹೆಂಗದಾನ?" ಎರಡಕ್ಕೂ "ಆರಾಮ" ಎಂದೆ. ಎರಡೂ ಸುಳ್ಳು. ನೀನು ಸಿಂಧನೂರಿಗೆ ಕರೆದುಕೊಂಡು ಹೋಗಿ ಶುರು ಮಾಡಿಸಿದ ವಾರದ ಸೂಜಿಯ ದೆಸೆಯಿಂದ, ಅದಕ್ಕಿಂತ ಹೆಚ್ಚಾಗಿ ನನ್ನ ಬಾಯಿಯ ದೆಸೆಯಿಂದ, ನಾನು ಗಾಳೆಪ್ಪನನ್ನು ಕಳೆದುಕೊಳ್ಳುವುದರಲ್ಲಿದ್ದೆ. ಅವ್ವನ ಮುಂದೆ ಫೋನಿನಲ್ಲಿ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹೊಟ್ಟೆಯ ಸಮಾಚಾರ, ಏನೂ ಮುಚ್ಚಿಡದೆ. ನವೆಂಬರಿನಲ್ಲಿ ನನ್ನ ತೂಕ ನೂರಾ ನಾಲ್ಕು ಕಿಲೋ, ಜೊತೆಗೆ ಸಕ್ಕರೆ ಕಾಯಿಲೆ, ಬಸ್ಸಿನ ಮೆಟ್ಟಿಲು ಏರಿದರೆ ಮೊಣಕಾಲು ಕಟಕಟ. ವಾರಕ್ಕೊಮ್ಮೆ ಹೊಟ್ಟೆಯ ಮೇಲೆ ಚುಚ್ಚಿಕೊಳ್ಳಿ, ಹಸಿವು ಇಳಿಯುತ್ತದೆ, ಮೊದಮೊದಲು ವಾಕರಿಕೆ ಬರಬಹುದು, ಸಣ್ಣ ಡೋಸಿನಿಂದ ಸಾವಕಾಶ ಏರಿಸೋಣ ಎಂದು ಡಾಕ್ಟರರು ಹೇಳಿದ್ದನ್ನೆಲ್ಲ ನೀನು ಬರೆದುಕೊಂಡೆ. ಹಸಿವು ಇಳಿಯುತ್ತದೆ ಎನ್ನುವುದನ್ನು ಮಾತ್ರ ನಾನು ನಂಬಲಿಲ್ಲ. ಒಮ್ಮೆ ಕೂತರೆ ಹನ್ನೆರಡು ಮಿರ್ಚಿ ಬಜ್ಜಿ ತಿನ್ನುವವನಿಗೆ ಒಂದು ಸೂಜಿ ಏನು ಮಾಡೀತು? ಮಾಡಿತು. ಎರಡನೆಯ ವಾರಕ್ಕೇ ನಾಲ್ಕು ತುತ್ತಿಗೆ ಹೊಟ್ಟೆ ಕಲ್ಲಾಗತೊಡಗಿತು. ತೇಗಿದರೆ ಕೊಳೆತ ಮೊಟ್ಟೆಯ ನಾತ, ನಿನ್ನ ಅವ್ವ ಚಳಿಯಲ್ಲೂ ಕಿಟಕಿ ತೆಗೆದು ಮಲಗಿದಳು. ನಾಲ್ಕು ದಿನ ಹೊರಕಡೆ ಇಲ್ಲ, ಐದನೆಯ ದಿನ ಬೇರೆ ಕೆಲಸವೇ ಇಲ್ಲ. ಸೂಜಿಯಾದ ಮೇಲೆ ಎರಡು ದಿನ ಒಗ್ಗರಣೆಯ ವಾಸನೆ ಬಂದರೂ ಬಾಯಲ್ಲಿ ನೀರು ತುಂಬಿ ಹೊಟ್ಟೆ ತೊಳೆಸುತ್ತಿತ್ತು. ಭಾನುವಾರ ರಜೆ ಇರುವುದರಿಂದ ಶನಿವಾರ ಸಂಜೆಯೇ ಚುಚ್ಚಿಕೊಳ್ಳುವ ರೂಢಿ ಮಾಡಿಕೊಂಡೆ. ಡಿಪೋದಲ್ಲಿ ಮಾತ್ರ ಯಾರಿಗೂ ಹೇಳಲಿಲ್ಲ. ಅಲ್ಲಿ ನನಗೆ "ಡಬಲ್ ಸೀಟ್" ಎಂದು ಹೆಸರು, ನಿನಗೂ ಗೊತ್ತು. ಕಂಡಕ್ಟರ್ ಕನಕರಾಜ ಸೂಜಿ ಹಾಕಿಕೊಂಡು ತೆಳ್ಳಗಾಗುತ್ತಿದ್ದಾನೆ ಎಂದು ತಿಳಿದರೆ "ಏನ್ರೀ ಹೀರೋ, ಪಿಚ್ಚರ್ ಯಾವಾಗ?" ಎಂದು ಹಲ್ಲು ಕಿಸಿಯುತ್ತಿದ್ದರು. ಆ ಭಯಕ್ಕೆ ಗಾಳೆಪ್ಪನಿಗೂ ಹೇಳಲಿಲ್ಲ.

ಗಾಳೆಪ್ಪ ನನಗೆ ಯಾರು ಎಂದು ನಿನಗೆ ಬೇರೆ ಹೇಳಬೇಕೇ? ಹದಿನಾಲ್ಕು ವರ್ಷ ಅವನ ಕೈಯಲ್ಲಿ ಸ್ಟೇರಿಂಗು, ನನ್ನ ಬಾಯಲ್ಲಿ ಸೀಟಿ. ಸಿಂಧನೂರಿಂದ ಲಿಂಗಸುಗೂರು, ಲಿಂಗಸುಗೂರಿಂದ ಸಿಂಧನೂರು, ನಡುವೆ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಪ್ಲೇಟಿನಲ್ಲಿ ಇಬ್ಬರಿಗೂ ಮಿರ್ಚಿ. ದಿನವಿಡೀ ಬಸ್ಸು ಓಡಿಸಿ ಬಂದವನು ಸಂಜೆ ಹೈಸ್ಕೂಲ್ ಗ್ರೌಂಡಿಗೆ ಬಂದು, ಮೊಬೈಲಿನಲ್ಲಿ ಸೆಕೆಂಡು ನೋಡುತ್ತಾ ಪೊಲೀಸ್ ಪರೀಕ್ಷೆಗೆ ನಿನ್ನನ್ನು ಓಡಿಸಿದ. "ಇನ್ನೊಂದು ಸುತ್ತು ಹೊಡಿಬೇ, ಸತ್ತೇನೂ ಹೋಗಲ್ಲ" ಎಂದು ಅವನು ಕೂಗುತ್ತಿದ್ದುದು ನಮ್ಮ ಮನೆಯವರೆಗೂ ಕೇಳುತ್ತಿತ್ತು. ಅಂಥವನಿಗೆ ನಾನು ದಿನಕ್ಕೊಂದು ಸುಳ್ಳು ಹೇಳಿದೆ. ಮಿರ್ಚಿ ಯಾಕೆ ಬೇಡ ಎಂದು ಕೇಳಿದರೆ, ತುರ್ವಿಹಾಳದ ಅಕ್ಕನ ಮನೆಯಲ್ಲಿ ಗಡದ್ದಾಗಿ ಉಂಡು ಬಂದಿದ್ದೇನೆ ಎನ್ನುತ್ತಿದ್ದೆ. ಜನವರಿಯಲ್ಲಿ ಒಂದು ದಿನ ಸಂತೆಕಲ್ಲೂರಿನ ಹತ್ತಿರ ಹೊಟ್ಟೆ ತಡೆಯಲೇ ಇಲ್ಲ. ಅರವತ್ತು ಜನ ತುಂಬಿದ ಬಸ್ಸು. ಅವನ ಕಿವಿಯಲ್ಲಿ ಹೇಳಿದ್ದೇ ತಡ, ಬಸ್ಸು ಬದಿಗೆ ಹಾಕಿ "ಗಾಲಿ ಬಿಸಿ ಆಗ್ಯಾವ, ಹತ್ತು ನಿಮಿಷ ಕುಂದುರ್ರಿ" ಎಂದು ಜನಕ್ಕೆ ಹೇಳಿ, ತಾನೇ ಸ್ಪಾನರ್ ಹಿಡಿದು ಇಳಿದ. ನಾನು ಜಾಲಿಯ ಮರೆಯಿಂದ ಎದ್ದು ಬರುವವರೆಗೂ ಏನೂ ಆಗದ ಗಾಲಿಯನ್ನು ಕುಟ್ಟುತ್ತಾ ನಿಂತಿದ್ದ. "ಏನಾತಲೇ ನಿನಗ?" ಎಂದರೆ, ಬೀಗರ ಮದುವೆಯಲ್ಲಿ ಹೋಳಿಗೆ ಹೆಚ್ಚಾಯಿತು ಎಂದೆ. ಅವನು ಬಿದ್ದು ಬಿದ್ದು ನಕ್ಕ. ಹೀಗೆ ಮೂರು ತಿಂಗಳು ನಾನು ಕಂಡವರ ಮನೆಯಲ್ಲೆಲ್ಲ ಉಂಡೆ, ಬರೀ ಬಾಯಿಮಾತಿನಲ್ಲಿ.

ಮಾರ್ಚ್ ಇಪ್ಪತ್ತೆರಡು, ಭಾನುವಾರ, ಲಿಂಗಸುಗೂರಿನಲ್ಲಿ ಅವನ ಹೊಸ ಮನೆಯ ಪ್ರವೇಶ. ಎರಡು ದಿನ ಮೊದಲು ಡಾಕ್ಟರರ ಹತ್ತಿರ ಹೋಗಿದ್ದೆ. ವಾಕರಿಕೆ, ಭೇದಿ ಏನಾದರೂ ಇದೆಯೇ ಎಂದು ಕೇಳಿದರು. ತೂಕ ಬೇಗ ಇಳಿಯಲಿ ಎನ್ನುವ ಆಸೆಗೆ ಅವರಿಗೂ "ಏನೂ ಇಲ್ಲ ಸರ" ಎಂದೆ. ಡೋಸು ಏರಿಸಿದರು. ಶನಿವಾರ ಸಂಜೆ ಆ ದೊಡ್ಡ ಡೋಸು ಚುಚ್ಚಿಕೊಂಡು ಭಾನುವಾರ ಊಟದ ಮನೆಗೆ ಹೋದೆ. ನಿನ್ನ ಅವ್ವ ಬರಲಿಲ್ಲ, ಹೊಲದಲ್ಲಿ ಕೆಲಸ ಎಂದಳು. ಮನೆ ಚೆನ್ನಾಗಿ ಕಟ್ಟಿಸಿದ್ದಾನೆ. ಪಡಸಾಲೆಯಲ್ಲಿ ಬುದ್ಧ, ಬಾಬಾಸಾಹೇಬರ ದೊಡ್ಡ ಫೋಟೋ, ಬಿಳಿ ಹೂವಿನ ಹಾರ. ಬೌದ್ಧ ಭಿಕ್ಷು ಭಂತೇಜಿ ಬಂದು ಬುದ್ಧವಂದನೆ ಹೇಳಿ ಹೋಗಿದ್ದರು. ಅವನ ಅವ್ವ ಪಕೀರಮ್ಮ, ಎಂಬತ್ತರ ಹತ್ತಿರದವಳು, ಊರ ಬಾವಿಯ ಹತ್ತಿರ ತನ್ನ ಓಣಿಯವರನ್ನು ಬಿಟ್ಟುಕೊಳ್ಳದ ಕಾಲ ಕಂಡವಳು, ಬೇರೆ ಯಾರಿಗೂ ಬಿಡದೆ ನನ್ನ ತಾಟಿಗೆ ತಾನೇ ಬಗ್ಗಿ ಹೋಳಿಗೆ ಇಟ್ಟು ತುಪ್ಪ ಸುರಿದಳು. "ಉಣ್ಣಪಾ ಕನಕರಾಜ, ನಾನ ಕೈಯಾರೆ ಮಾಡೀನಿ" ಎಂದಳು. ಒಂದು ತುತ್ತು ಬಾಯಿಗಿಟ್ಟೆ. ತುಪ್ಪದ ವಾಸನೆ ಮೂಗಿಗೆ ಏರಿತು, ಟವೆಲ್ಲು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದೆ. ಕಾಂಪೌಂಡಿನ ಬದಿಗೆ ಎಲ್ಲವನ್ನೂ ಉಗುಳಿದೆ, ಕೂತವರೆಲ್ಲ ನೋಡಿದರು. ಆಗಲಾದರೂ ನಿಜ ಹೇಳಬಹುದಿತ್ತು. ಒಳಗೆ ಬಂದು, ಇವತ್ತು ನನ್ನದು ಉಪವಾಸ, ಮರೆತುಬಿಟ್ಟಿದ್ದೆ ಎಂದೆ. ಗಾಳೆಪ್ಪನ ಮಗಳು ಅನುಪಮಾ, ಸರ್ಕಾರಿ ಶಾಲೆಯ ಟೀಚರು, ನನ್ನ ಮುಖ ನೋಡದೆ ತಾಟು ಎತ್ತಿಕೊಂಡು ಹೋದಳು. ಗಾಳೆಪ್ಪ "ಆತು ಬಿಡ್ರಿ" ಎಂದ.

ನಮ್ಮ ಕಡೆ ಇಂಥ ಮನೆಯಲ್ಲಿ ಉಣ್ಣದೆ ಎದ್ದರೆ ಏನು ಅರ್ಥ ಎಂದು ನಿನಗೆ ಗೊತ್ತು. ಜಾತಿ. ಬೀಗರ ಮದುವೆಯಲ್ಲಿ, ಅಕ್ಕನ ಮನೆಯಲ್ಲಿ ಹೊಟ್ಟೆ ಬಿರಿಯುವಂತೆ ಉಂಡವನು ಪಕೀರಮ್ಮ ಬಡಿಸಿದ ತುತ್ತನ್ನು ಹತ್ತು ಜನರ ಮುಂದೆ ಉಗುಳಿದ, ಗಾಳೆಪ್ಪನಿಗೆ ಕಂಡದ್ದು ಇಷ್ಟೇ. ಹಾಗೆ ಕಾಣುವಂತೆ ಮಾಡಿದವನು ನಾನೇ. ಮಾರನೆಯ ದಿನದಿಂದ ಬಸ್ಸಿನಲ್ಲಿ "ಬರ್ರಿ, ಕುಂದುರ್ರಿ, ರೈಟ್ ಹೇಳ್ರಿ". ಹದಿನಾಲ್ಕು ವರ್ಷ ನನ್ನನ್ನು "ಲೇ" ಎಂದವನು. ಮಸ್ಕಿಯಲ್ಲಿ ಬಸ್ಸು ನಿಲ್ಲಿಸಿ ತಾನೊಬ್ಬನೇ ಚಾ ಕುಡಿದು ಬರುತ್ತಿದ್ದ. ಒಂದು ಮಾತು ಬೈದಿದ್ದರೆ ನಾನೂ ಬಾಯಿ ಬಿಡುತ್ತಿದ್ದೆನೇನೋ, ಬೈಯಲೂ ಇಲ್ಲ. ಮೂರು ವಾರ ಹೀಗೇ ಹೋಯಿತು. ಈ ಸೋಮವಾರ ಚಾದಂಗಡಿಯ ಚಾಂದ್‌ಪಾಷಾ ನನ್ನನ್ನು ಬದಿಗೆ ಕರೆದು, "ಗಾಳೆಪ್ಪಣ್ಣ ರೂಟ್ ಬದಲಿಗೆ ಅರ್ಜಿ ಬರ್ಯಾಕತ್ಯಾನ, ನಿಮಗ ಗೊತ್ತೈತಿಲ್ಲೋ?" ಎಂದ. ಆ ಟ್ರಿಪ್ಪಿನಲ್ಲಿ ಎಷ್ಟು ಟಿಕೆಟು ಕೊಟ್ಟೆ, ಯಾರಿಗೆ ಕೊಟ್ಟೆ, ಒಂದೂ ನೆನಪಿಲ್ಲ.

ಬುಧವಾರ ಡ್ಯೂಟಿ ಮುಗಿಸಿ ಅವನ ಮನೆಗೆ ಹೋದೆ. ಮನೆಯಲ್ಲಿ ಅವನು ಮತ್ತು ಪಕೀರಮ್ಮ ಇಬ್ಬರೇ. ಡಾಕ್ಟರರ ಚೀಟಿ, ಖಾಲಿಯಾದ ಎರಡು ಸೂಜಿಪೆನ್ನು ಎಲ್ಲ ಚೀಲದಿಂದ ತೆಗೆದು ಟೀಪಾಯಿಯ ಮೇಲೆ ಇಟ್ಟೆ. ಅಂಗಿ ಎತ್ತಿ ಹೊಟ್ಟೆಯ ಮೇಲಿನ ಚುಕ್ಕೆಗಳನ್ನೂ ತೋರಿಸಿದೆ, ನಾಚಿಕೆ ಬಿಟ್ಟು. ಅಕ್ಕನ ಮನೆಯ ಊಟ ಸುಳ್ಳು, ಬೀಗರ ಮದುವೆ ಸುಳ್ಳು, ಉಪವಾಸವಂತೂ ಶುದ್ಧ ಸುಳ್ಳು ಎಂದು ಒಂದೊಂದಾಗಿ ಹೇಳಿದೆ. ಅವನು ಚೀಟಿಯನ್ನು ಎರಡು ಸಲ ಓದಿದ. ಅದನ್ನು ಟೀಪಾಯಿಯ ಮೇಲಿಟ್ಟು, "ನಾ ಗಾಲಿ ಕುಟ್ಟಿದ ದಿನ ಹೇಳಾಕ ಏನಾಗಿತ್ತಲೇ ನಿನಗ? ಮೂರು ವಾರ ನಿದ್ದಿ ಮಾಡಿಲ್ಲ ನಾನು" ಎಂದ. ಅವನ ಕಣ್ಣಲ್ಲಿ ನೀರು ಬಂತು, ನನ್ನ ಕಣ್ಣಲ್ಲೂ ಬಂತು. ಆಮೇಲೆ ಅಂಗಿ ಎತ್ತಿಕೊಂಡೇ ನಿಂತಿದ್ದ ನನ್ನನ್ನು ನೋಡಿ ನಕ್ಕುಬಿಟ್ಟ. ಅರ್ಜಿ ಕೊಡುವುದಿಲ್ಲ ಎಂದಿದ್ದಾನೆ.

ಶುಕ್ರವಾರ ಸಿಂಧನೂರಿಗೆ ಹೋಗಿ ಡಾಕ್ಟರರಿಗೂ ನಿಜ ಹೇಳಿದೆ. ಬೈದರು. ಹೊಟ್ಟೆ ಒಗ್ಗುವ ಮೊದಲೇ ಡೋಸು ಏರಿಸಿದರೆ ಹೀಗೇ ಆಗುತ್ತದೆ, ರೋಗಿ ಬಾಯಿ ಬಿಡದಿದ್ದರೆ ನಾವೇನು ದೇವರೇ ಎಂದರು. ಮತ್ತೆ ಹಿಂದಿನ ಡೋಸಿಗೆ ಇಳಿಸಿದ್ದಾರೆ, ಇನ್ನೂ ಎರಡು ತಿಂಗಳು ಅದೇ. ನಿನ್ನೆ ಅದನ್ನೇ ಚುಚ್ಚಿಕೊಂಡೆ, ಇವತ್ತು ಕೂತು ಪತ್ರ ಬರೆಯುವಷ್ಟು ಆರಾಮಿದ್ದೇನೆ. ಐದು ತಿಂಗಳಲ್ಲಿ ಇದರ ಸ್ವಭಾವ ಅಷ್ಟಿಷ್ಟು ತಿಳಿದಿದೆ. ಭಾನುವಾರ, ಸೋಮವಾರ ಎಣ್ಣೆ ತುಪ್ಪದ ಹತ್ತಿರ ಹೋಗಬಾರದು, ಗಂಜಿ ಮಜ್ಜಿಗೆಯಲ್ಲಿ ದಿನ ತಳ್ಳಬೇಕು. ತುತ್ತು ಸಣ್ಣದಿರಬೇಕು, ಸಾಕು ಅನಿಸುವ ಮೊದಲೇ ಕೈ ತೊಳೆಯಬೇಕು, ಉಂಡ ತಕ್ಷಣ ಉರುಳಬಾರದು. ಸೊಪ್ಪು, ನೀರು ಬಿಟ್ಟರೆ ಹೊಟ್ಟೆ ಕಟ್ಟುತ್ತದೆ. ತಡೆಯಲಾರದ ಹೊಟ್ಟೆನೋವು ಬಂದು ವಾಂತಿ ನಿಲ್ಲದಿದ್ದರೆ ಮಾತ್ರ ಒಂದು ಗಳಿಗೆಯೂ ಕಾಯದೆ ಬನ್ನಿ ಎಂದಿದ್ದಾರೆ. ವಾರದ ಕೊನೆಗೆ ಹೊಟ್ಟೆ ಹೇಳಿದ ಮಾತು ಕೇಳುತ್ತದೆ. ತೂಕ ತೊಂಬತ್ತಮೂರಕ್ಕೆ ಬಂದಿದೆ, ಮೆಟ್ಟಿಲು ಏರಿದರೆ ಮೊಣಕಾಲು ಸುಮ್ಮನಿರುತ್ತದೆ. ಗಾಳೆಪ್ಪ ಈಗ ಮಿರ್ಚಿ ತರಿಸಿ ನನಗೆ ಅರ್ಧ ಮುರಿದು ಕೊಡುತ್ತಾನೆ. "ಇಷ್ಟಕ್ಕ ನಿನಗ ಪ್ಲೇಟ್ ಯಾಕಲೇ, ಟಿಕೆಟಿನ ಹಿಂದ ಇಟ್ಟು ಕೊಡ್ತೀನಿ" ಎನ್ನುತ್ತಾನೆ. ಡಿಪೋಗೆಲ್ಲ ಸುದ್ದಿ ಮುಟ್ಟಿದೆ, ಅವರು ನಗುತ್ತಿದ್ದಾರೆ, ನಾನು ಇಷ್ಟು ದಿನ ಹೆದರಿದ್ದು ಈ ಎರಡು ದಿನದ ನಗೆಗೇ.

ಚೆನ್ನಾಗಿ ಉಣ್ಣು, ಚೆನ್ನಾಗಿ ಓಡು, ಮೇಲಿನವರಿಗೆ ಎದುರು ಮಾತಾಡಬೇಡ. ನಿನ್ನ ರೂಮಿನ ಹುಡುಗಿಯರಿಗೆಲ್ಲ ನಮ್ಮ ಹಾರೈಕೆ ತಿಳಿಸು. ಟ್ರೇನಿಂಗ್ ಮುಗಿಸಿ ನೀನು ಖಾಕಿ ತೊಟ್ಟು ಪರೇಡಿಗೆ ನಿಲ್ಲುವ ದಿನ ನಾನೂ ಗಾಳೆಪ್ಪನೂ ರಜೆ ಹಾಕಿ ಬರುತ್ತೇವೆ, ಅರ್ಜಿ ಅವನೇ ಬರೆಯುತ್ತಾನಂತೆ. ನೂರು ವರ್ಷ ಬಾಳು ತಾಯಿ.

ನಿನ್ನ ಅಪ್ಪ,
ಕನಕರಾಜ

ತಾ.ಕ.: ಒಂದು ಮಾತನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಬುಧವಾರ ಗಾಳೆಪ್ಪ ನಕ್ಕ ಮೇಲೆ ಪಕೀರಮ್ಮ ಚಾ ತಂದುಕೊಟ್ಟು ಕೇಳಿದಳು, "ಈ ಸೂಜಿ ಯಾವಾಗಿಂದಪಾ?" ಐದು ತಿಂಗಳಾಯಿತು ಅವ್ವ ಎಂದೆ. "ಅದಕಿಂತ ಮೊದ್ಲು ಹದಿನಾಕು ವರ್ಷ ನಮ್ಮ ಮನಿಗೆ ಬಂದು ಹೋಗಿ ಮಾಡೀಯಲ್ಲ, ಆವಾಗ?" ಎಂದಳು. ಗಾಳೆಪ್ಪ "ಸುಮ್ನಿರಬೇ" ಎಂದ. ಮಸ್ಕಿಯಲ್ಲಿದ್ದ ಅವರ ಹಳೆ ಮನೆಯ ಹೊರಗಿನ ಕಟ್ಟೆಯ ಮೇಲೆ ಕೂತು ಚಾ ಕುಡಿದಿದ್ದೇನೆ, ಒಳಗೆ ಕರೆದಾಗಲೆಲ್ಲ ಊಟ ಆಗಿದೆ ಎಂದಿದ್ದೇನೆ. ನೀನು ಆರನೇ ಕ್ಲಾಸಿನಲ್ಲಿ ಅಲ್ಲಿ ಉಂಡು ಬಂದ ದಿನ ನಿನ್ನ ಅವ್ವ ಅಂಗಳದಲ್ಲಿ ನಿಲ್ಲಿಸಿ ನಿನ್ನ ತಲೆಯ ಮೇಲೆ ನೀರು ಸುರಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ, ಬಾಯಿ ಬಿಡಲಿಲ್ಲ. ಮೇ ಒಂದರಂದು ಬುದ್ಧ ಪೂರ್ಣಿಮೆ, ಅವರ ಮನೆಗೆ ಊಟಕ್ಕೆ ಬರುತ್ತೇನೆ ಎಂದು ಪಕೀರಮ್ಮನಿಗೆ ನಾನೇ ಹೇಳಿ ಬಂದಿದ್ದೇನೆ. "ನಿಮ್ಮಾಕೀನೂ ಕರ್ಕೊಂಡ್ ಬಾ" ಎಂದಳು. ಮನೆಗೆ ಬಂದು ಹೇಳಿದರೆ ನಿನ್ನ ಅವ್ವ ಎದ್ದು ಒಳಗೆ ಹೋದಳು, ಇನ್ನೂ ಏನೂ ಹೇಳಿಲ್ಲ. ಅವ್ವ ನೀರು ಸುರಿದ ಆ ದಿನ ಅಪ್ಪ ಯಾಕೆ ಸುಮ್ಮನೆ ನಿಂತ ಎಂದು ನೀನು ಇವತ್ತಿನವರೆಗೂ ಕೇಳಿಲ್ಲ. ಬರುವ ಭಾನುವಾರ ಫೋನು ಸಿಕ್ಕ ಕೂಡಲೇ ಮೊದಲು ಅದನ್ನೇ ಕೇಳು. ನಾನು ಫೋನನ್ನು ಸ್ಪೀಕರಿಗೆ ಹಾಕಿರುತ್ತೇನೆ, ನಿನ್ನ ಅವ್ವ ಪಕ್ಕದಲ್ಲೇ ಇರುತ್ತಾಳೆ. ಜೋರಾಗಿ ಉತ್ತರ ಕೊಡುತ್ತೇನೆ.