ತಾಳಿ ಬೇಡವೆಂದ ಮದುಮಗಳು

ಪ್ರೀತಿಯ ಅತ್ತೆ,

ಮೊದಲಿಗೆ ತಪ್ಪೊಪ್ಪಿಗೆ. ಪುತ್ತೂರಿನ ಸಭ್ಯ ನಾಗರಿಕನೂ ನಿಮ್ಮ ಏಕೈಕ ಅಳಿಯನೂ ಆದ ನಾನು ಸ್ವಬುದ್ಧಿಯಿಂದಲೇ ಪಕ್ಕದ ಮನೆಯ ಬೇಲಿಯಿಂದ ಮೂರು ವಾರ ದಾಸವಾಳದ ಎಲೆ ಕದ್ದಿದ್ದೇನೆ. ಹೂ ಮುಟ್ಟಿಲ್ಲ, ಅದು ದೇವರಿಗೆ. ಎಲೆ ನಿಮ್ಮ ಮೊಮ್ಮಗಳಿಗೆ. ತಲೆಗೆ ಬಂದದ್ದು ಎಲೆಗೆ ಹೋಯಿತು ಎನ್ನಿ.

ಮೇಘ ನಿಶ್ಚಿತಾರ್ಥಕ್ಕೆಂದು ಗುಂಗುರು ಕೂದಲನ್ನು ನೇರ ಮಾಡಿಸಿ ಬಂದ ದಿನ ನೀವಿರಬೇಕಿತ್ತು. ಎರಡೇ ತಿಂಗಳಲ್ಲಿ ಅದು ತೆಂಗಿನ ನಾರಾಯಿತು. ಬಾಚಣಿಗೆ ಇಟ್ಟಲ್ಲಿ ಕಡಿದು ಬರುತ್ತಿತ್ತು. ಮದುವೆಗೆ ಮೂರೇ ವಾರ. "ಈ ತಲೆ ಹೊತ್ತು ನಾನು ಮಂಟಪಕ್ಕೆ ಹೋಗುದಿಲ್ಲ ಅಪ್ಪ, ಮದುವೆ ಮುಂದೆ ಹಾಕಿ" ಎಂದಳು. ನಗಿಸಲು ಹೋದೆ. ನಗಲಿಲ್ಲ. ನಿಮ್ಮ ಮಗಳೂ ನಗಲಿಲ್ಲ, ಅವಳಂತೂ ಮದುವೆಯಾದಂದಿನಿಂದ...

ನೀವು ಸುಳ್ಯದಾಚೆಯ ಗಡಿಮನೆಯಿಂದ ಮೊದಲ ಸಲ ನಮ್ಮಲ್ಲಿಗೆ ಬಂದದ್ದು ಆಗ ನೆನಪಾಯಿತು. "ಅವಳಿಗೆ ತಾಳಿ ಹಿಂಡ್ಲಿಕ್ಕುಂಟು" ಎಂದಿರಿ. ಹೊಸ ಗಂಡ ನಾನು ಹೆಂಡತಿಯ ಕುತ್ತಿಗೆ ನೋಡಿ ಬೆವೆತೆ. ನಿಮ್ಮ ಕಡೆ ತಾಳಿ ಎಂದರೆ ನೀರಲ್ಲಿ ಹಿಸುಕಿದ ದಾಸವಾಳದೆಲೆಯ ಲೋಳೆ, ಒಣಗಿದ ಕೂದಲಿನ ಮದ್ದು ಎಂದು ನನಗೇನು ಗೊತ್ತು? ಅಂದಿನಿಂದ ನಮ್ಮ ಮನೆಯಲ್ಲೂ ಅದೇ ಮಾತಾಯಿತು.

ಎಲೆ ತಂದು ನಾನೇ ಹಿಂಡಿದೆ, ಸೋಸಿದೆ, ಹಚ್ಚಿಸಿದೆ. ಎರಡನೆಯ ಸಲಕ್ಕೆ ಮೇಘ ಕೋಣೆಯ ಚಿಲಕ ಹಾಕಿಕೊಂಡಳು. ಅದೇ ಹೊತ್ತಿಗೆ ಕಡಬದಿಂದ ವರನ ತಾಯಿಯ ಫೋನು.

"ಹುಡುಗಿ ಎಂತ ಮಾಡ್ತಾಳೆ?"

"ಎಂತ ಹೇಳುದು? ಬಾಗಿಲು ಹಾಕಿ ಕೂತಿದ್ದಾಳೆ. ತಾಳಿ ಬೇಡವಂತೆ."

"ತಾಳಿಯೇ ಬೇಡವಾ?"

"ಮೊನ್ನೆ ಹಿಡಿದು ಕೂರಿಸಿದ್ದಕ್ಕೆ ಒಮ್ಮೆ ಆಯ್ತು. ಇನ್ನು ಸತ್ರೂ ಬೇಡ ಅಂತಾಳೆ."

"ಒಮ್ಮೆ ಆಗಿದೆಯಾ?!"

ಫೋನು ಕಟ್ಟಾಯಿತು. ನನ್ನ ನಾಲಗೆ ಮಾಡಿದ್ದೇನೆಂದು ಆಗ ಹೊಳೆಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಹತ್ತು ಸಲ ಮಾಡಿದರೂ ಇಲ್ಲ. ನಿಮ್ಮ ಮಗಳು ನನ್ನನ್ನು ನೋಡಿದ ನೋಟ ನಿಮಗೆ ಗೊತ್ತಲ್ಲ, ನಿಮ್ಮದೇ ಅದು.

ಒಂದೂವರೆ ಗಂಟೆಯಲ್ಲಿ ವರನ ತಾಯಿ ಕಾರಿಂದಿಳಿದು ಸೀದಾ ಒಳಗೆ ಬಂದರು. ನನ್ನತ್ತ ನೋಡಲೂ ಇಲ್ಲ. ಮೇಘಳ ಕೋಣೆಯ ಬಾಗಿಲ ಹೊರಗೇ ನಿಂತು, "ಮಗಾ, ನನ್ನ ಹತ್ರ ಹೇಳು. ನನ್ನ ಮಗ ಬೇಡವಾ?" ಎಂದರು.

ಬಾಗಿಲು ತೆರೆಯಿತು. "ಅವರು ಬೇಕು. ಇದು ಬೇಡ" ಎಂದು ಮೇಘ ನನ್ನ ಕೈಯ ಪಾತ್ರೆ ತೋರಿಸಿದಳು.

ಅವರು ಬೆರಳದ್ದಿ ನೋಡಿದರು. "ಇದಾ ತಾಳಿ? ಇದಕ್ಕೆ ನಾವು ಗೊಂಪು ಹೇಳುದು, ಮಾರಾಯ್ರೆ! ನನ್ನ ಜೀವ ಹೋಗಿತ್ತು!" ಎಂದವರು ನೆಲದಲ್ಲೇ ಕೂತು ನಕ್ಕರು. ಮೇಘಳೂ ನಕ್ಕಳು. ಆಮೇಲೆ ಭಾವೀ ಸೊಸೆಯನ್ನು ಮುಂದೆ ಕೂರಿಸಿ, ಲೋಳೆಯನ್ನು ತಾವೇ ಹಚ್ಚಿದರು.

ಮದುವೆ ಆಯಿತು, ಅತ್ತೆ. ಮೊಣಕಾಲು ಮುಟ್ಟುವ ಜಡೆ! ಕೇಳಿದವರಿಗೂ ಕೇಳದವರಿಗೂ "ನನ್ನ ಕೈಗುಣ" ಎಂದು ಮೈಕಿನಲ್ಲೇ ಸಾರಿದೆ. ಆದರೆ ನಿಮಗೆ ಸುಳ್ಳು ಹೇಗೆ ಬರೆಯಲಿ? ಬುಡವೇನೋ ಮೆತ್ತಗಾಯಿತು, ಸುಟ್ಟ ತುದಿಯನ್ನು ಹೆಗಲವರೆಗೆ ಕತ್ತರಿಸಲೇ ಬೇಕಾಯಿತು. ಅಲ್ಲಿಂದ ಕೆಳಗಿನದೆಲ್ಲ ನಿಮ್ಮ ಮಗಳು ಕಪಾಟಿನಿಂದ ತೆಗೆದ ಚೌರಿ. ನಿಮ್ಮ ಬಾಚಣಿಗೆಗೆ ಬಂದ ಎಳೆಗಳನ್ನು ವರ್ಷಗಟ್ಟಲೆ ಕೂಡಿಟ್ಟು ನೀವೇ ಕಟ್ಟಿದ್ದಂತೆ. ಊರೆಲ್ಲ ಕೈಕುಲುಕಿ ನನ್ನೆದುರು ಹೊಗಳಿದ್ದು ನಿಮ್ಮ ಕೂದಲನ್ನು.